ಅಜ್ಜ 96, ಅಪ್ಪ 51: ಒಕ್ಕದ ಆಯಸ್ಸು ನನಗೆಷ್ಟು ಬಂದಿದೆ?

ಪ್ರಶ್ನೆ: ನನಗೆ 46 ವರ್ಷ. ವಿರಾಜಪೇಟೆ ತಾಲ್ಲೂಕಿನಲ್ಲಿ ಕಾಫಿ ತೋಟವಿದೆ. ಅಪ್ಪನ ಅಪ್ಪ 2011ರಲ್ಲಿ ತೀರಿಕೊಂಡಾಗ 96 ವರ್ಷ. ಬೀಡಿ ಸೇದುತ್ತಿದ್ದರು, ಹಂದಿ ಮಾಂಸ ಬಿಟ್ಟವರಲ್ಲ. ಅವರ ಅಕ್ಕನೂ 90 ದಾಟಿದ್ದರು. ಆದರೆ ನನ್ನ ಅಪ್ಪ 51ಕ್ಕೆ ಹೃದಯಾಘಾತದಿಂದ ಹೋದರು. ದೊಡ್ಡಪ್ಪನಿಗೆ 54ಕ್ಕೆ ಬೈಪಾಸ್ ಆಯಿತು. ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 148, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) 6.0, ದಿನಕ್ಕೆ ನಾಲ್ಕೈದು ಸಿಗರೇಟು ಸೇದುತ್ತೇನೆ. ‘ದೀರ್ಘಾಯುಷ್ಯದ ಜೀನ್’ ಪತ್ತೆ ಮಾಡುವ ಪರೀಕ್ಷೆಯ ಜಾಹೀರಾತು ನೋಡಿದೆ. ಮಾಡಿಸಲೇ? ನಮ್ಮ ಒಕ್ಕದ (ಕೊಡವರಲ್ಲಿ ತಂದೆಯ ಕಡೆಯ ಮನೆತನ) ಆಯಸ್ಸು ನನಗೂ ಬಂದಿದೆಯೇ? ನನಗೆ ಬಂದಿರುವುದು ಅಜ್ಜನ ಜೀನೋ, ಅಪ್ಪನದೋ?

ಉತ್ತರ: ಆ ಪರೀಕ್ಷೆ ಈಗ ಬೇಡ. ಬದಲಿಗೆ ಲೈಪೊಪ್ರೋಟೀನ್ ಎ ಎಂಬ ರಕ್ತಪರೀಕ್ಷೆ ಮಾಡಿಸಿ. ಅದೂ ನಿಮ್ಮ ವಂಶದಿಂದ ಬಂದದ್ದನ್ನೇ ಅಳೆಯುತ್ತದೆ, ಆದರೆ ಅದರ ಉತ್ತರ ಸಿಕ್ಕಿದ ಮೇಲೆ ಮಾಡಬೇಕಾದ ಕೆಲಸ ಖಚಿತವಾಗಿರುತ್ತದೆ. ನಿಮ್ಮ ವರದಿಯಲ್ಲಿರುವ 148 ಎಂಬ ಎಲ್‌ಡಿಎಲ್ ಕೂಡ ನಿಮ್ಮ ಮನೆತನದ ಹಿನ್ನೆಲೆಯಲ್ಲಿ ಸಣ್ಣ ಸಂಖ್ಯೆಯಲ್ಲ.

ಮೊದಲು ಆಯಸ್ಸು ಎಷ್ಟರಮಟ್ಟಿಗೆ ವಂಶಪಾರಂಪರ್ಯ ಎಂಬ ಮಾತು. ಡೆನ್ಮಾರ್ಕಿನಲ್ಲಿ 1870ರಿಂದ 1900ರೊಳಗೆ ಹುಟ್ಟಿದ 2,872 ಅವಳಿ ಜೋಡಿಗಳ ಜನನ-ಮರಣದ ದಾಖಲೆ ನೋಡಿದಾಗ, ಜನರ ಆಯಸ್ಸಿನಲ್ಲಿರುವ ಏರುಪೇರಿನ ಸುಮಾರು ಕಾಲು ಭಾಗವನ್ನು ಜೀನ್‌ಗಳ ಲೆಕ್ಕಕ್ಕೆ ಹಾಕಬಹುದು ಎಂದು ಕಂಡುಬಂತು: ಗಂಡಸರಲ್ಲಿ 26%, ಹೆಂಗಸರಲ್ಲಿ 23%. ಬಹಳ ಕಾಲ ಇದೇ ಸಂಖ್ಯೆ ಚಾಲ್ತಿಯಲ್ಲಿತ್ತು. 2018ರಲ್ಲಿ 40 ಕೋಟಿಗೂ ಹೆಚ್ಚು ಜನರ ವಂಶವೃಕ್ಷಗಳನ್ನು ಜಾಲಾಡಿದ ಅಧ್ಯಯನವೊಂದು ಈ ಪಾಲನ್ನು 10%ಕ್ಕಿಂತ ಕೆಳಗೆ ಇಳಿಸಿತು. ರಕ್ತಸಂಬಂಧವೇ ಇಲ್ಲದ ಭಾವ-ಮೈದುನರ ಆಯಸ್ಸು ಕೂಡ ಪರಸ್ಪರ ಹೋಲುತ್ತಿತ್ತು. ಅನುಕೂಲಸ್ಥರು ಅನುಕೂಲಸ್ಥರಲ್ಲೇ, ಓದಿದವರು ಓದಿದವರಲ್ಲೇ ಸಂಬಂಧ ಬೆಳೆಸುವುದರಿಂದ ಹೀಗಾಗುತ್ತದೆ. ನಾವು ರಕ್ತದ ಗುಣ ಎಂದುಕೊಂಡದ್ದರಲ್ಲಿ ಒಂದಷ್ಟು ಪಾಲು ಆಸ್ತಿ, ಊಟ, ಆಸ್ಪತ್ರೆಯ ದೂರ ಇವುಗಳದ್ದಾಗಿತ್ತು. ಇತ್ತೀಚೆಗೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ ಅಪಘಾತ, ಸೋಂಕಿನಂಥ ಹೊರಗಿನ ಕಾರಣಗಳ ಸಾವನ್ನು ಲೆಕ್ಕದಿಂದ ತೆಗೆದರೆ ಉಳಿಯುವ ‘ಒಳಗಿನ’ ಆಯಸ್ಸಿನಲ್ಲಿ ಜೀನ್‌ಗಳ ಪಾಲು ಅರ್ಧದಷ್ಟಿದೆ ಎಂದಿದೆ. ಕೇಳಿದ ಪ್ರಶ್ನೆ ಬೇರೆ ಬೇರೆಯಾದ್ದರಿಂದ ಉತ್ತರವೂ ಬೇರೆ.

ಇಲ್ಲಿ ಬಹಳ ಜನ ಎಡವುತ್ತಾರೆ. 25% ಎಂದರೆ ನಿಮ್ಮ 80 ವರ್ಷದಲ್ಲಿ 20 ವರ್ಷ ಜೀನ್ ಕೊಟ್ಟದ್ದು ಎಂದಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಲೆಕ್ಕ ಅದು. ಒಬ್ಬ ವ್ಯಕ್ತಿಗೆ ಅದನ್ನು ಅನ್ವಯಿಸಲು ಬರುವುದಿಲ್ಲ.

ಇನ್ನೊಂದು ಮಾತು: 80ರವರೆಗೆ ತಲುಪುವುದಕ್ಕೂ 100 ದಾಟುವುದಕ್ಕೂ ಜೀನ್‌ಗಳ ಪಾತ್ರ ಒಂದೇ ಅಲ್ಲ. ವಯಸ್ಸು ಮೇಲೇರಿದಂತೆ ಅವುಗಳ ಪಾಲೂ ಏರುತ್ತದೆ. ಅಮೆರಿಕದಲ್ಲಿ ಶತಾಯುಷಿಗಳ ಒಡಹುಟ್ಟಿದವರನ್ನು ಅದೇ ಕಾಲದಲ್ಲಿ ಹುಟ್ಟಿದ ಇತರರೊಂದಿಗೆ ಹೋಲಿಸಿದಾಗ, ಸಹೋದರರು 100 ಮುಟ್ಟುವ ಸಂಭವ 17 ಪಟ್ಟು, ಸಹೋದರಿಯರದು 8 ಪಟ್ಟು ಹೆಚ್ಚಿತ್ತು. ಹಾಗಾಗಿ ನಿಮ್ಮ ಅಜ್ಜ ಮತ್ತು ಅವರ ಅಕ್ಕ ಇಬ್ಬರೂ 90 ದಾಟಿದ್ದನ್ನು ನಾವು ಕಡೆಗಣಿಸುವುದಿಲ್ಲ. ಅವರಿಬ್ಬರ ತಂದೆ-ತಾಯಿಯಿಂದ ಏನೋ ಒಳ್ಳೆಯದು ಬಂದಿರಬಹುದು. ಆದರೆ 1915ರ ಸುಮಾರಿಗೆ ಹುಟ್ಟಿದ ಆ ತಲೆಮಾರಿನಲ್ಲಿ ಮಲೇರಿಯಾಕ್ಕೆ, ಸಿಡುಬಿಗೆ, ಹೆರಿಗೆಗೆ ಬಲಿಯಾದವರ ಫೋಟೊ ಐನ್‌ಮನೆಯ (ಒಕ್ಕದ ಮೂಲಮನೆಯ) ಗೋಡೆಯ ಮೇಲೆ ಇರುವುದು ಅಪರೂಪ. ಉಳಿದವರನ್ನು ಮಾತ್ರ ನೋಡಿ ‘ಹಿಂದಿನವರು ಗಟ್ಟಿ’ ಎನ್ನುತ್ತೇವೆ. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ನಿರೀಕ್ಷಿತ ಆಯಸ್ಸು 32ರ ಆಸುಪಾಸಿನಲ್ಲಿತ್ತು, ಈಗ 70ರ ಸುಮಾರಿಗೆ ಬಂದಿದೆ. ಮೂರು ತಲೆಮಾರಿನಲ್ಲಿ ಜೀನ್ ಇಷ್ಟು ಬದಲಾಗುವುದಿಲ್ಲ.

ಬೀಡಿಯ ವಿಷಯವೂ ಇದೇ. ಬ್ರಿಟಿಷ್ ವೈದ್ಯರನ್ನೇ 50 ವರ್ಷ ಹಿಂಬಾಲಿಸಿದ ಅಧ್ಯಯನದ ಪ್ರಕಾರ ಬಿಡದೆ ಸೇದುವವರು ಸರಾಸರಿ 10 ವರ್ಷ ಮೊದಲೇ ಸಾಯುತ್ತಾರೆ. 40ಕ್ಕೆ ಬಿಟ್ಟರೆ ಅದರಲ್ಲಿ 9 ವರ್ಷ, 50ಕ್ಕೆ ಬಿಟ್ಟರೆ 6, 60ಕ್ಕೆ ಬಿಟ್ಟರೆ 3 ವರ್ಷ ವಾಪಸ್ಸು ಸಿಗುತ್ತದೆ. ನಿಮ್ಮ ವಯಸ್ಸಿನಲ್ಲಿ ಯಾವ ಜೀನ್ ಪರೀಕ್ಷೆಯೂ ಇಷ್ಟು ಕೊಡಲಾರದು. ‘ನಾಲ್ಕೈದೇ ಅಲ್ಲವೇ’ ಎಂಬ ಸಮಾಧಾನವೂ ಸಲ್ಲದು. ಹೃದಯದ ಮಟ್ಟಿಗೆ ದಿನಕ್ಕೆ ಒಂದೇ ಸಿಗರೇಟು ಕೂಡ 20 ಸಿಗರೇಟಿನ ಹೆಚ್ಚುವರಿ ಅಪಾಯದ ಸುಮಾರು ಅರ್ಧದಷ್ಟನ್ನು ತರುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಸೇದಿದಷ್ಟಕ್ಕೆ ಏರುತ್ತದೆ, ರಕ್ತನಾಳದ ಹಾನಿ ಮೊದಲ ಒಂದೆರಡರಲ್ಲೇ ಸುಮಾರು ಅರ್ಧ ಆಗಿಹೋಗಿರುತ್ತದೆ.

ಈಗ ಒಕ್ಕದ ಪ್ರಶ್ನೆ. ಒಕ್ಕದ ಹೆಸರು ಗಂಡುಮಕ್ಕಳ ಮೂಲಕ ಸಾಗುತ್ತದೆ. ವರ್ಣತಂತುಗಳಲ್ಲಿ (ಜೀನ್‌ಗಳನ್ನು ಹೊತ್ತ ಎಳೆಗಳಲ್ಲಿ) ಹಾಗೆಯೇ ಸಾಗುವುದು ವೈ ಒಂದೇ. ಅಜ್ಜನ ವೈ ನಿಮಗೆ ಹೆಚ್ಚುಕಡಿಮೆ ಇಡಿಯಾಗಿ ಬಂದಿದೆ, ಆದರೆ ಅದರಲ್ಲಿರುವ ಜೀನ್‌ಗಳು ಬಹಳ ಕಡಿಮೆ. ಉಳಿದ ವರ್ಣತಂತುಗಳಲ್ಲಿ ಅಜ್ಜನ ಪಾಲು ಸರಾಸರಿ 25%. ಪ್ರತಿ ತಲೆಮಾರಿನಲ್ಲೂ ಬೇರೆ ಒಕ್ಕದಿಂದ ಮದುವೆಯಾಗಿ ಬಂದ ಹೆಣ್ಣು ಅರ್ಧ ಪಾಲು ತರುತ್ತಾಳೆ. ಎಂಟು ತಲೆಮಾರಿನ ಹಿಂದಿನ ಕಾರಣವರೊಬ್ಬರಿಂದ (ಪೂರ್ವಜರೊಬ್ಬರಿಂದ) ನಿಮಗೆ ಬಂದಿರಬಹುದಾದ್ದು ಲೆಕ್ಕದ ಪ್ರಕಾರ 256ರಲ್ಲಿ ಒಂದು ಪಾಲು. ‘ನಮ್ಮ ಒಕ್ಕದ ಆಯಸ್ಸು’ ಎಂಬುದಕ್ಕೆ ಜೀವಶಾಸ್ತ್ರದಲ್ಲಿ ಹಿಡಿಯಲು ಸಿಗುವಂಥ ಆಧಾರವೇ ಇಲ್ಲ.

ಹಾಗಾದರೆ ನಿಮ್ಮ ಅಪ್ಪ ಮತ್ತು ದೊಡ್ಡಪ್ಪನಿಗೆ ಏನಾಯಿತು? ಗಂಡಸರಲ್ಲಿ 55ಕ್ಕೆ ಮೊದಲು, ಹೆಂಗಸರಲ್ಲಿ 65ಕ್ಕೆ ಮೊದಲು ಬರುವ ಹೃದಯಾಘಾತವನ್ನು ವೈದ್ಯಶಾಸ್ತ್ರ ಅಕಾಲಿಕ ಎನ್ನುತ್ತದೆ. ಒಬ್ಬರಿಗೆ ಬಂದರೆ ಕಾರಣ ಸಿಗರೇಟು, ರಕ್ತದೊತ್ತಡ, ಸಕ್ಕರೆ ಯಾವುದೂ ಆಗಿರಬಹುದು. ಅಣ್ಣ-ತಮ್ಮ ಇಬ್ಬರಿಗೂ ಮೂರು ವರ್ಷದ ಅಂತರದ ವಯಸ್ಸಿನಲ್ಲಿ ಬಂದಾಗ ವಂಶಪಾರಂಪರ್ಯವನ್ನು ಮೊದಲು ಶಂಕಿಸಬೇಕು. ಅವರ ತಂದೆ 96ರವರೆಗೆ ಬೀಡಿ ಸೇದಿಯೂ ಬದುಕಿದ್ದರೆ, ಆ ದೋಷ ಬಂದಿರುವುದು ಹೆಚ್ಚಾಗಿ ನಿಮ್ಮ ಅಜ್ಜಿಯ ಕಡೆಯಿಂದ. ನೀವು ಪತ್ರದಲ್ಲಿ ಅಜ್ಜಿಯ ಬಗ್ಗೆ ಏನೂ ಬರೆದಿಲ್ಲ. ಅವರು ಯಾವ ವಯಸ್ಸಿಗೆ, ಯಾವುದರಿಂದ ತೀರಿಕೊಂಡರು? ಅವರ ತವರು ಒಕ್ಕದಲ್ಲಿ ಅಣ್ಣತಮ್ಮಂದಿರು ಎಷ್ಟು ವರ್ಷ ಬದುಕಿದರು? ಯಾರಾದರೂ ಬೆಳಿಗ್ಗೆ ಎದ್ದವರೇ ಕುಸಿದು ಬಿದ್ದದ್ದುಂಟೇ? ಐವತ್ತರೊಳಗೆ ಪಾರ್ಶ್ವವಾಯು ಬಂದದ್ದುಂಟೇ? ಒಕ್ಕದ ವಂಶಾವಳಿಯಲ್ಲಿ ಹೊರಗಿನಿಂದ ಬಂದ ಹೆಣ್ಣಿನ ಹೆಸರು ಬರೆದಿದ್ದರೂ ಅವಳ ತವರಿನ ರೋಗಗಳು ಬರೆದಿರುವುದಿಲ್ಲ. ಆ ಮನೆಗೆ ಒಮ್ಮೆ ಹೋಗಿ, ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಹೆಸರು, ಸತ್ತ ವಯಸ್ಸು, ಕಾರಣ, ಸೇದುತ್ತಿದ್ದರೇ. ‘ಹಾರ್ಟ್ ಫೇಲ್’ ಎಂದು ಹೇಳಿದರೆ ಅಲ್ಲಿಗೇ ನಿಲ್ಲಿಸಬೇಡಿ. ಎದೆನೋವು ಬಂದು ಕೆಲವೇ ಗಂಟೆಯಲ್ಲಿ ಹೋದರೇ, ಕಾಲು ಊದಿ, ಉಬ್ಬಸವಾಗಿ ತಿಂಗಳುಗಟ್ಟಲೆ ನರಳಿದರೇ ಕೇಳಿ. ಮೊದಲನೆಯದು ರಕ್ತನಾಳದ ಕಾಯಿಲೆಯನ್ನು, ಎರಡನೆಯದು ಹೃದಯದ ಸ್ನಾಯುವಿನ ದೌರ್ಬಲ್ಯವನ್ನು ಸೂಚಿಸುತ್ತದೆ. ವೈದ್ಯರಿಗೆ ಈ ಹಾಳೆ ಜಾಹೀರಾತಿನ ಜೀನ್ ವರದಿಗಿಂತ ಹೆಚ್ಚು ಹೇಳುತ್ತದೆ.

ಶಂಕಿತರಲ್ಲಿ ಮೊದಲನೆಯದು ಲೈಪೊಪ್ರೋಟೀನ್ ಎ. ಎಲ್‌ಡಿಎಲ್‌ನಂಥದೇ ಕಣಕ್ಕೆ ಇನ್ನೊಂದು ಪ್ರೋಟೀನಿನ ಬಾಲ ಅಂಟಿಕೊಂಡಿರುತ್ತದೆ. ಅದು ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರಿಸುವುದರ ಜೊತೆಗೆ ಹೃದಯದ ಕವಾಟವನ್ನೂ ಗಡುಸಾಗಿಸುತ್ತದೆ. ಇದರ ಪ್ರಮಾಣ ಎಷ್ಟು ಎಂಬುದನ್ನು ಬಹುಪಾಲು ನಿರ್ಧರಿಸುವುದು 6ನೇ ವರ್ಣತಂತಿನ ಒಂದೇ ಜೀನ್. ಆ ಜೀನಿನಲ್ಲಿ ಮರುಕಳಿಸುವ ಒಂದು ತುಣುಕು ಎಷ್ಟು ಕಡಿಮೆ ಸಲ ಇದೆಯೋ ಅಷ್ಟು ಚಿಕ್ಕ ಪ್ರೋಟೀನು ತಯಾರಾಗುತ್ತದೆ. ಚಿಕ್ಕದನ್ನು ಯಕೃತ್ತು ಬೇಗ ಬೇಗ ಹೊರಬಿಡುವುದರಿಂದ ರಕ್ತದಲ್ಲಿ ಪ್ರಮಾಣ ಏರುತ್ತದೆ. ಡೆಸಿಲೀಟರಿಗೆ 30 ಮಿಲಿಗ್ರಾಮಿಗಿಂತ ಕೆಳಗಿದ್ದರೆ ನಿಶ್ಚಿಂತೆ, 50 ದಾಟಿದರೆ ಅಪಾಯ. ಲ್ಯಾಬು ನ್ಯಾನೊಮೋಲ್‌ನಲ್ಲಿ ಕೊಟ್ಟರೆ 125ಕ್ಕಿಂತ ಮೇಲಿರುವುದು ಹೆಚ್ಚು. ಎರಡು ಮಾನಗಳನ್ನು ಒಂದಕ್ಕೊಂದು ಗುಣಿಸಿ ಪರಿವರ್ತಿಸಲು ಹೋಗಬೇಡಿ, ಕಣದ ಗಾತ್ರ ಜನರಿಂದ ಜನರಿಗೆ ಬೇರೆಯಿರುವುದರಿಂದ ಲೆಕ್ಕ ತಪ್ಪುತ್ತದೆ. ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು 50 ದಾಟಿರುತ್ತದೆ. ಸಾಮಾನ್ಯ ಲಿಪಿಡ್ ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಪ್ರತ್ಯೇಕವಾಗಿ ಕೇಳಬೇಕು. ಉಪವಾಸ ಬೇಕಿಲ್ಲ. ಜ್ವರ ಅಥವಾ ಸೋಂಕು ಇದ್ದಾಗ ಮಾತ್ರ ಮಾಡಿಸಬೇಡಿ, ಸಂಖ್ಯೆ ಏರುಪೇರಾಗುತ್ತದೆ. ಜೀವಮಾನದಲ್ಲಿ ಒಂದು ಸಲ ಮಾಡಿಸಿದರೆ ಸಾಕು.

ಊಟ, ವ್ಯಾಯಾಮದಿಂದ ಇದು ಇಳಿಯುವುದಿಲ್ಲ. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯೂ ಇದನ್ನು ಇಳಿಸುವುದಿಲ್ಲ. ಇಳಿಸುವ ಹೊಸ ಔಷಧಗಳು ಪ್ರಯೋಗದ ಹಂತದಲ್ಲಿವೆ. ಮತ್ತೇಕೆ ತಿಳಿಯಬೇಕು? ಇದು ಹೆಚ್ಚಿದ್ದರೆ ಉಳಿದ ಅಪಾಯಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದಕ್ಕೆ. ಎಲ್‌ಡಿಎಲ್ 39 ಮಿಲಿಗ್ರಾಂ ಇಳಿದಾಗಲೆಲ್ಲ ಹೃದಯಾಘಾತ, ಪಾರ್ಶ್ವವಾಯುಗಳು ಸುಮಾರು 22% ಕಡಿಮೆಯಾಗುತ್ತವೆ ಎಂದು ಸ್ಟ್ಯಾಟಿನ್ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ಲೆಕ್ಕ ಹೇಳುತ್ತದೆ. ನಿಮ್ಮ ಲೈಪೊಪ್ರೋಟೀನ್ ಎ ಹೆಚ್ಚಿದ್ದರೆ ವೈದ್ಯರು ಎಲ್‌ಡಿಎಲ್ ಗುರಿಯನ್ನು 100ಕ್ಕಿಂತ, ಬಹುಶಃ 70ಕ್ಕಿಂತಲೂ ಕೆಳಗಿಡುತ್ತಾರೆ. 148ರಿಂದ ಅಲ್ಲಿಗೆ ಪಥ್ಯ ಒಂದರಿಂದಲೇ ಇಳಿಯುವುದು ಕಷ್ಟ, ಮಾತ್ರೆ ಬೇಕಾಗುತ್ತದೆ. ಮಾತ್ರೆಗೆ ಹಿಂಜರಿಕೆ ಇದ್ದರೆ ಹೃದಯದ ರಕ್ತನಾಳದ ಕ್ಯಾಲ್ಸಿಯಂ ಸ್ಕ್ಯಾನ್ ಬಗ್ಗೆ ಕೇಳಿ, ಗೋಡೆಯಲ್ಲಿ ಈಗಾಗಲೇ ಗಡುಸು ಕೂತಿದೆಯೇ ಎಂಬುದು ಗೊತ್ತಾದರೆ ನಿರ್ಧಾರ ಸುಲಭ.

ಎರಡನೆಯ ಶಂಕೆ ವಂಶಪಾರಂಪರ್ಯದ ಅತಿ ಕೊಲೆಸ್ಟರಾಲ್. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಇದರಲ್ಲಿ ಎಲ್‌ಡಿಎಲ್ ಸಾಮಾನ್ಯವಾಗಿ 190 ದಾಟಿರುತ್ತದೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿರಬಹುದು, 45ಕ್ಕೆ ಮೊದಲೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಉಂಗುರ ಕಾಣಬಹುದು. ನಿಮ್ಮ 148 ಇದನ್ನು ಹೇಳುವುದಿಲ್ಲ, ಆದರೆ ದೊಡ್ಡಪ್ಪನ ಬೈಪಾಸ್‌ಗೆ ಮೊದಲಿನ ವರದಿ ಸಿಕ್ಕರೆ ನೋಡಿ.

ಹೃದಯದ ಸ್ನಾಯುವಿನ ಕಾಯಿಲೆಯ ಸುಳಿವು ಸಿಕ್ಕರೆ ಮಾತ್ರ ಮೂರನೆಯ ಶಂಕೆ. ನಮ್ಮ ಉಪಖಂಡದ ಜನರಲ್ಲಿ 100ಕ್ಕೆ ಸುಮಾರು 4 ಮಂದಿಯಲ್ಲಿ ಎಂವೈಬಿಪಿಸಿ3 ಎಂಬ ಹೃದಯಸ್ನಾಯುವಿನ ಜೀನಿನಲ್ಲಿ 25 ಅಕ್ಷರಗಳ ಒಂದು ತುಣುಕು ಬಿಟ್ಟುಹೋಗಿದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೇರಿದ್ದ ತಂಡ 2009ರಲ್ಲಿ ಇದನ್ನು ನಡುವಯಸ್ಸಿನ ನಂತರದ ಹೃದಯ ವೈಫಲ್ಯದೊಂದಿಗೆ ತಳಕು ಹಾಕಿತು. ಹೊತ್ತವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಒಂದು ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಸಾಕಷ್ಟು ತಿಳಿಸುತ್ತದೆ.

ಇನ್ನು ಜಾಹೀರಾತಿನ ಪರೀಕ್ಷೆ. ನೂರಾರು ಜೀನ್‌ಗಳ ಪಟ್ಟಿ ಕೊಟ್ಟರೂ, ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ದೀರ್ಘಾಯುಷ್ಯದ ಜೊತೆ ನಂಟು ತೋರಿದವು ಮುಖ್ಯವಾಗಿ ಎರಡು: ಅಪೋ-ಇ ಮತ್ತು ಫಾಕ್ಸೋ3. ಹವಾಯಿಯ ಜಪಾನಿ ಮೂಲದ ಗಂಡಸರಲ್ಲಿ 2008ರಲ್ಲಿ ಫಾಕ್ಸೋ3 ಪತ್ತೆಯಾಯಿತು. ಅದರ ಒಳ್ಳೆಯ ರೂಪ ಎರಡೂ ಕಡೆಯಿಂದ ಬಂದವರು ಸುಮಾರು 95ನ್ನು ದಾಟಿದವರ ಗುಂಪಿನಲ್ಲಿ ಹೆಚ್ಚಿದ್ದರು. ಆ ವಯಸ್ಸಿಗೆ ತಲುಪುವವರೇ ವಿರಳವಾದ್ದರಿಂದ ಸಂಭವ ಎರಡು-ಮೂರು ಪಟ್ಟಾದರೂ ವಿರಳವೇ. ಅಪೋ-ಇಯ 4ನೇ ರೂಪ ಮರೆವಿನ ಕಾಯಿಲೆಯಾದ ಆಲ್ಜೈಮರ್ಸ್‌ನ ಅಪಾಯ ಹೆಚ್ಚಿಸುತ್ತದೆ. ಆದರೆ ಇದೆ ಎಂದು 46ರಲ್ಲಿ ಗೊತ್ತಾದರೆ ಮಾಡಬೇಕಾದ್ದು ಇಲ್ಲ ಎಂದು ಗೊತ್ತಾದವರೂ ಮಾಡಬೇಕಾದ್ದೇ. ಆತಂಕ ಮಾತ್ರ ಹೆಚ್ಚುವರಿ. ಸಾವಿರಾರು ಸಣ್ಣ ವ್ಯತ್ಯಾಸಗಳನ್ನು ಕೂಡಿಸಿ ಕೊಡುವ ಅಂಕಗಳು ಬಹುತೇಕ ಯುರೋಪಿನವರ ಮಾಹಿತಿಯಿಂದ ತಯಾರಾದವು, ನಮ್ಮವರ ಮೇಲೆ ಅಷ್ಟು ಸರಿಯಾಗಿ ಕೂರುವುದಿಲ್ಲ. ಜಿನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ಜೀನ್ ಮಾಹಿತಿ ಸಂಶೋಧಕರಿಗೆ ತೆರೆದದ್ದೇ 2025ರ ಜನವರಿಯಲ್ಲಿ. ನಮಗೆ ಇನ್ನೂ ದೊಡ್ಡ ಭಯವೆಂದರೆ ವರದಿ ‘ನಿಮ್ಮದು ಒಳ್ಳೆಯ ಜೀನ್’ ಎಂದು ಬಂದರೆ ನೀವು ಸಿಗರೇಟು ಮುಂದುವರಿಸುವುದು. ವರದಿ ಕೆಟ್ಟದಾಗಿ ಬಂದರೂ ಕೈಚೆಲ್ಲುವ ಕಾರಣವಿಲ್ಲ: 2016ರ ಒಂದು ದೊಡ್ಡ ಅಧ್ಯಯನದಲ್ಲಿ, ಜೀನ್‌ಗಳ ಪ್ರಕಾರ ಅತಿ ಹೆಚ್ಚು ಅಪಾಯದಲ್ಲಿದ್ದವರ ಪೈಕಿ ಸೇದದೆ, ತೂಕ ಹಿಡಿತದಲ್ಲಿಟ್ಟು, ವ್ಯಾಯಾಮ ಮತ್ತು ಹಿತವಾದ ಊಟ ಪಾಲಿಸಿದವರಲ್ಲಿ ಹೃದಯಾಘಾತಗಳು ಪಾಲಿಸದವರಿಗಿಂತ 46% ಕಡಿಮೆಯಿದ್ದವು.

ಎಚ್‌ಬಿಎ1ಸಿ 6.0 ಎಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಳತೆ ಟೇಪು ತೆಗೆದುಕೊಂಡು ಹೊಕ್ಕುಳಿನ ಮಟ್ಟದಲ್ಲಿ ಸೊಂಟ ಅಳೆಯಿರಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಬೇಗ ಕೂರುತ್ತದೆ, ಆದ್ದರಿಂದ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೇ ಹೆಚ್ಚು ತೂಕವೆಂದು ಲೆಕ್ಕ. ಚೆನ್ನೈಯಲ್ಲಿ ನಡೆದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಹೊಸ್ತಿಲಲ್ಲಿದ್ದವರ ಪೈಕಿ ಸುಮ್ಮನಿದ್ದ 55% ಜನರಿಗೆ ಮೂರು ವರ್ಷದೊಳಗೆ ಕಾಯಿಲೆ ಬಂತು, ನಡಿಗೆ-ಊಟ ಸರಿಪಡಿಸಿಕೊಂಡವರಲ್ಲಿ 39%ಕ್ಕೆ. ಎಚ್‌ಬಿಎ1ಸಿ ಓದುವಾಗ ಒಂದು ಎಚ್ಚರ: ಕಬ್ಬಿಣದ ಕೊರತೆ ಇದ್ದರೆ ಇದು ಸುಳ್ಳೇ ಏರುತ್ತದೆ, ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್: ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ, ವಂಶದಿಂದ ಬರುವ ಕಾಯಿಲೆ) ಇದ್ದವರಲ್ಲಿ ನಂಬಲೇ ಆಗುವುದಿಲ್ಲ. ಅಂಥವರಿಗೆ ಉಪವಾಸದ ಮತ್ತು ಊಟದ ನಂತರದ ಸಕ್ಕರೆಯನ್ನೇ ನೋಡಬೇಕು.

ಕುಡಗೋಲು ಕಣದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕೊಡಗಿನಲ್ಲಿ ಒಂದು ಜೀನ್ ನಿಜಕ್ಕೂ ಆಯಸ್ಸನ್ನು ಕತ್ತರಿಸುವುದನ್ನು ನೋಡಬೇಕಾದರೆ ಐನ್‌ಮನೆಗಳಲ್ಲಲ್ಲ, ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿ, ಬುಡಕಟ್ಟಿನವರ ಹಾಡಿಗಳಲ್ಲಿ ನೋಡಬೇಕು. ಯರವ, ಜೇನುಕುರುಬ ಸಮುದಾಯಗಳಲ್ಲಿ ಈ ಜೀನ್ ಇದೆ. ಗಂಡ-ಹೆಂಡತಿ ಇಬ್ಬರೂ ಒಂದೊಂದು ಪ್ರತಿ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ 25%. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಕುಡಗೋಲು ಕಣ ನಿರ್ಮೂಲನ ಅಭಿಯಾನದಡಿ 40 ವರ್ಷದವರೆಗಿನವರಿಗೆ ಉಚಿತ ತಪಾಸಣೆ ಇದೆ. ನಿಮ್ಮ ತೋಟದಲ್ಲಿ ಈ ಸಮುದಾಯದವರು ಕೆಲಸಕ್ಕಿದ್ದರೆ ತಪಾಸಣೆಯ ದಿನ ಸಂಬಳ ಕಡಿಯದೆ ಕಳುಹಿಸಿ. ಕೈಕಾಲು ನೋವೆಂದು ಪದೇ ಪದೇ ಕೆಲಸ ತಪ್ಪಿಸುವ ಹುಡುಗನನ್ನು ಸೋಮಾರಿ ಎನ್ನುವ ಮೊದಲು ಈ ಪರೀಕ್ಷೆ ಆಗಿದೆಯೇ ಕೇಳಿ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಸರಣಿಯನ್ನು ತಗ್ಗಿಸುತ್ತದೆ.

ಊಟಕ್ಕೆ ಬಂದರೆ, ಹಂದಿ ಮಾಂಸ ಬಿಡಬೇಕೆಂದು ನಾವು ಹೇಳುವುದಿಲ್ಲ, ಯಾವ ಭಾಗ ಮತ್ತು ಎಷ್ಟು ಎಂದು ಕೇಳುತ್ತೇವೆ. ಹೊಟ್ಟೆಯ ಭಾಗದ 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 19 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ಇಡೀ ದಿನದ ಮಿತಿಯೇ 22 ಗ್ರಾಂ. ತೊಡೆಯ ಭಾಗ ಆರಿಸಿ. ಹಿಂದಿನ ದಿನವೇ ಬೇಯಿಸಿ ತಣ್ಣಗೆ ಇಟ್ಟರೆ ಮೇಲೆ ಕಟ್ಟುವ ಬಿಳಿ ಪದರವನ್ನು ಚಮಚದಲ್ಲಿ ತೆಗೆದುಹಾಕಬಹುದು, ರುಚಿ ಕೆಡುವುದಿಲ್ಲ. ಕಾಚಂಪುಳಿ (ಹುಳಿ ಹಣ್ಣಿನ ರಸ ಕಾಯಿಸಿ ಮಾಡುವ ಕೊಡಗಿನ ಕಪ್ಪು ಹುಳಿ) ಹಾಕಿದರೆ ಕೊಬ್ಬು ಕರಗುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಹುಳಿ ಮಾಂಸವನ್ನು ಮೆತ್ತಗಾಗಿಸುತ್ತದೆ, ಕೊಬ್ಬನ್ನು ನಾಶಮಾಡುವುದಿಲ್ಲ. ಅಡುಗೆಯ ಒಂದೆರಡು ಚಮಚದಿಂದ ತೊಂದರೆಯಿಲ್ಲ, ಆದರೆ ಅದೇ ಜಾತಿಯ ಹಣ್ಣಿನ ಸಾರವನ್ನು ತೂಕ ಇಳಿಸಲು ಮಾರುವ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ, ಮುಟ್ಟಬೇಡಿ. ಕಾಫಿಯಲ್ಲೂ ಒಂದು ಸೂಕ್ಷ್ಮವಿದೆ. ಪುಡಿಯನ್ನು ಕುದಿಸಿ ಸೋಸುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಉಳಿಯುತ್ತದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಲೋಹದ ಫಿಲ್ಟರ್ ಅದನ್ನು ಪೂರ್ತಿ ಹಿಡಿಯುವುದಿಲ್ಲ, ಕಾಗದದ ಫಿಲ್ಟರ್ ಹಿಡಿಯುತ್ತದೆ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಇದು ಕಡಿಮೆ. ದಿನಕ್ಕೆ ಐದಾರು ಲೋಟ ಕುದಿಸಿದ ಕಾಫಿ ಕುಡಿಯುವವರಾದರೆ ಎಲ್‌ಡಿಎಲ್ 148ರಲ್ಲಿ ಅದರದೂ ಪಾಲಿರಬಹುದು.

ಬಹಳ ಕಾಲ ಬದುಕುವುದು ಒಂದು ಲೆಕ್ಕ, ಆರೋಗ್ಯದಿಂದ ಮುಪ್ಪಾಗುವುದು ಬೇರೆ ಲೆಕ್ಕ. ಅದರಲ್ಲಿ ಜೀನ್‌ಗಿಂತ ಸ್ನಾಯು, ರಕ್ತದೊತ್ತಡ, ಕಿವಿ ಮುಖ್ಯ. ಅಜ್ಜ ಗದ್ದೆಗೆ, ಸಂತೆಗೆ ನಡೆದಷ್ಟು ನೀವು ನಡೆಯುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದಾಗ ತೋಟದ ಸುತ್ತೂ ನಿಲ್ಲುತ್ತದೆ. ಆ ನಾಲ್ಕು ತಿಂಗಳಿಗೆ ಒಳಗೆ ಮಾಡುವ ಅಭ್ಯಾಸ ಬೇಕು: ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಥವಾ ನೆಲಕ್ಕೆ ಕೈಯೂರಿ ದಂಡ ಹೊಡೆಯುವುದು, ಭಾರ ಎತ್ತುವುದು, ವಾರಕ್ಕೆ ಎರಡು ದಿನವಾದರೂ. 60ರಿಂದ 64 ವರ್ಷದ ಗಂಡಸು 30 ಸೆಕೆಂಡಿನಲ್ಲಿ 14 ಸಲ ಎದ್ದು ಕೂರಲಾಗದಿದ್ದರೆ ಬೀಳುವ ಅಪಾಯವಿದೆ. ನೀವು ಈಗಲೇ ಪರೀಕ್ಷಿಸಿಕೊಳ್ಳಿ. ರಕ್ತದೊತ್ತಡವನ್ನು ಮನೆಯಲ್ಲಿ ಏಳು ದಿನ ಬೆಳಿಗ್ಗೆ-ಸಂಜೆ ಎರಡೆರಡು ಸಲ ನೋಡಿ: ಕಾಫಿ, ಸಿಗರೇಟಿನಿಂದ ಅರ್ಧ ಗಂಟೆ ದೂರವಿದ್ದು, ಐದು ನಿಮಿಷ ಸುಮ್ಮನೆ ಕೂತು, ತೋಳು ಹೃದಯದ ಮಟ್ಟಕ್ಕಿಟ್ಟು. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ದಾಟಿದರೆ ವೈದ್ಯರಿಗೆ ತೋರಿಸಿ.

ಕಿವಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ಕಾರಣವಾಗುವ ಮತ್ತು ನಾವು ತಡೆಯಬಹುದಾದ 14 ಅಂಶಗಳಲ್ಲಿ ಶ್ರವಣದೋಷವೂ ಒಂದು. ಕೋವಿಯ ಒಂದು ಗುಂಡಿನ ಸದ್ದು 140 ಡೆಸಿಬಲ್ ಮೀರುತ್ತದೆ. ಕೈಲ್‌ಪೊಳ್ದು ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಿರಲಿ, ತೋಟದ ಕಳೆ ಕೊಚ್ಚುವ ಯಂತ್ರವಿರಲಿ, ಕಿವಿಗೆ ಪ್ಲಗ್ ಹಾಕಿಕೊಳ್ಳಿ. ಯಂತ್ರ ಹಿಡಿಯುವ ಕೆಲಸಗಾರರಿಗೂ ಕೊಡಿ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅದು ನಿಮ್ಮೊಬ್ಬರದಲ್ಲ. ಲೈಪೊಪ್ರೋಟೀನ್ ಎ ಹೆಚ್ಚೆಂದು ಕಂಡರೆ ನಿಮ್ಮ ಒಡಹುಟ್ಟಿದವರು, ದೊಡ್ಡಪ್ಪನ ಮಕ್ಕಳು ಮಾಡಿಸಲಿ, ಅತ್ತೆಯಂದಿರನ್ನೂ ಅವರ ಮಕ್ಕಳನ್ನೂ ಮರೆಯಬೇಡಿ. ಅವರು ಮದುವೆಯಾಗಿ ಬೇರೆ ಒಕ್ಕಕ್ಕೆ ಸೇರಿದ್ದರೂ ಅಜ್ಜಿಯ ಜೀನಿನ ಪಾಲು ಅವರಲ್ಲೂ ಅಷ್ಟೇ ಇದೆ. ನಿಮ್ಮ ಮಕ್ಕಳಿಗೆ ಬಂದಿರುವ ಸಂಭವ ತಲಾ 50%. 9ರಿಂದ 11 ವರ್ಷದೊಳಗೆ ಒಂದು ಲಿಪಿಡ್ ಪರೀಕ್ಷೆ, ಜೊತೆಗೆ ಲೈಪೊಪ್ರೋಟೀನ್ ಎ ಮಾಡಿಸಿ. ಆ ವಯಸ್ಸಿನಲ್ಲಿ ಎಲ್‌ಡಿಎಲ್ 190ರ ಮೇಲಿದ್ದರೆ ಮಾತ್ರೆಯ ಬಗ್ಗೆ ಮಕ್ಕಳ ಹೃದ್ರೋಗ ತಜ್ಞರನ್ನೇ ಕೇಳಬೇಕು. ಇಲ್ಲದಿದ್ದರೆ ಅವರಿಗೆ ಬೇಕಾದ್ದು ಮನೆಯಲ್ಲಿ ಯಾರೂ ಸೇದದಿರುವುದು ಮತ್ತು ದಿನಕ್ಕೊಂದು ಗಂಟೆ ಬಯಲಿನಲ್ಲಿ ಹಾಕಿ ಆಡುವುದು.